ರಾಟೆಯ ಮುಂದೆ ಕೂತ ಹುಡುಗಿ: ಒಂದು ಐರಿಶ್ ಜಿಗ್ ಮತ್ತು ಅದರ ಹೆಸರಿನಲ್ಲಿರುವ ಯಂತ್ರ

ತಕಿಟ ತಕಿಟ, ತಕಿಟ ತಕಿಟ. ಇದನ್ನು ಒಂದಿಷ್ಟು ಚುರುಕಾಗಿ ಬಾಯಲ್ಲಿ ಹೇಳುತ್ತ, ಪ್ರತಿ ‘ತ’ ಬಂದಾಗಲೂ ಪಾದವನ್ನು ನೆಲಕ್ಕೆ ತಟ್ಟಿ ನೋಡಿ. ನಿಮಿಷಕ್ಕೆ 110–120 ತಟ್ಟು ಬಂದರೆ ಐರ್ಲೆಂಡಿನ ಜಿಗ್ ಎಂಬ ಕುಣಿತದ ನಡೆ ನಿಮ್ಮ ಕಾಲಿಗೆ ಹತ್ತಿತು ಎಂದೇ ಲೆಕ್ಕ.

ಈ ನಡೆಯಲ್ಲಿ ಅಲ್ಲಿ ನೂರಾರು ಮಟ್ಟುಗಳಿವೆ. ಅವುಗಳಲ್ಲಿ ಒಂದರ ಹೆಸರು ‘ದ ಮೇಡ್ ಅಟ್ ದ ಸ್ಪಿನ್ನಿಂಗ್ ವೀಲ್’. ನಮ್ಮ ಮಾತಿನಲ್ಲಿ, ರಾಟೆಯ ಮುಂದೆ ಕೂತ ಹುಡುಗಿ. ನಾನು ಪಿಟೀಲು ಕಲಿತದ್ದು ಸರಳೆ, ಜಂಟಿ ವರಸೆಗಳಿಂದ, ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಪಾದಕ್ಕೆ ಆನಿಸಿಕೊಂಡು. ಆ ಕೈಗೆ ಈ ಜಿಗ್ ಕೂರಿಸಿಕೊಳ್ಳಲು ಹೋದಾಗ ಸ್ವರಗಳಿಗಿಂತ ಮೊದಲು ತಲೆಗೆ ಹೊಕ್ಕಿದ್ದು ಈ ಹೆಸರು. ಯಾವ ರಾಟೆ ಅದು? ನಮ್ಮ ಚರಕದಂತೆಯೇ ಇತ್ತೆ? ಹುಡುಗಿ ನೂಲುತ್ತಿದ್ದದ್ದು ಏನನ್ನು, ಯಾರಿಗಾಗಿ? ಹುಡುಕುತ್ತ ಹೋದಂತೆ ಒಂದು ಪುಟ್ಟ ಮರದ ಯಂತ್ರದೊಳಗಿನ ಜಾಣತನವೂ, ಅದನ್ನು ನಂಬಿ ಬದುಕಿದ ಒಂದು ನಾಡಿನ ಹೊಟ್ಟೆಪಾಡೂ ಕಣ್ಣಿಗೆ ಬಿದ್ದವು. ಅದನ್ನು ಹೇಳಲು ಈ ಲೇಖನ.

ಮೊದಲು ಜಿಗ್ ಎಂದರೇನು ಎಂಬುದನ್ನು ಮುಗಿಸಿಬಿಡೋಣ. ಒಂದು ಆವರ್ತಕ್ಕೆ ಆರು ಎಣಿಕೆ, ಮೂರರಂತೆ ಎರಡು ಗುಂಪು. ಇದೇ ಡಬಲ್ ಜಿಗ್. ನಮ್ಮ ಮಟ್ಟು ಸೇರುವುದು ಈ ಜಾತಿಗೆ. ಒಂಬತ್ತು ಎಣಿಕೆಯದು ಸ್ಲಿಪ್ ಜಿಗ್, ಹನ್ನೆರಡರದು ಸ್ಲೈಡ್. ಎಂಟು ಆವರ್ತ ಸೇರಿದರೆ ಒಂದು ಭಾಗ. ಸಾಮಾನ್ಯವಾಗಿ ಪ್ರತಿ ಭಾಗವನ್ನೂ ಎರಡೆರಡು ಸಲ ನುಡಿಸುತ್ತಾರೆ. ಮೇಲೆ ಹೇಳಿದ ವೇಗದಲ್ಲಿ ಒಂದು ಭಾಗ ಮುಗಿಯಲು ಎಂಟು ಸೆಕೆಂಡು ಸಾಕು. ಇಷ್ಟು ಚಿಕ್ಕ ಜಾಗದಲ್ಲಿ ಮಟ್ಟು ತನ್ನ ಮಾತು ಹೇಳಿ ಮುಗಿಸಬೇಕು.

ಕಾಗದದ ಮೇಲೆ ಮೂರೂ ಎಣಿಕೆ ಸಮ. ಕಮಾನಿನಲ್ಲಿ ಹಾಗಲ್ಲ. ಮೊದಲನೆಯದು ಕೂದಲೆಳೆಯಷ್ಟು ಉದ್ದ, ನಡುವಿನದು ಗಿಡ್ಡ, ಮೂರನೆಯದು ಮುಂದಿನ ಗುಂಪಿನತ್ತ ದಬ್ಬುವಂಥದ್ದು. ಈ ಏರುಪೇರು ಇಲ್ಲದಿದ್ದರೆ ಜಿಗ್ ಸಪ್ಪೆ. ಒಂದೇ ಸ್ವರ ಮೂರು ಎಣಿಕೆ ನಿಲ್ಲಬೇಕಾದ ಕಡೆ ಅದನ್ನು ಹಾಗೆಯೇ ಎಳೆಯದೆ, ಮೇಲಿನ ಸ್ವರದ ಒಂದು ಚಿಟಿಕೆ, ಕೆಳಗಿನದರ ಒಂದು ತಟ್ಟು ಸೇರಿಸಿ ಮುರಿಯುತ್ತಾರೆ. ಅದಕ್ಕೆ ರೋಲ್ ಎನ್ನುತ್ತಾರೆ. ಬೆರಳು ತಂತಿಗೆ ತಾಗಿತೋ ಇಲ್ಲವೋ ಎನ್ನುವಷ್ಟರಲ್ಲಿ ಅದು ಆಗಿಹೋಗಿರಬೇಕು. ಗಮಕಕ್ಕೆ ಪಳಗಿದ ಬೆರಳು ಅಲ್ಲಿ ಜಾರಲು ಹವಣಿಸುತ್ತದೆ, ಜಾರಿದರೆ ಕೆಟ್ಟಿತು. ನಮ್ಮ ಮಟ್ಟು ಜಿ ಮೇಜರ್ ಸ್ವರಶ್ರೇಣಿಯದ್ದು. ಹಾಗಾಗಿ ಪಿಟೀಲಿನ ಜಿ, ಡಿ, ಎ, ಇ ನಾಲ್ಕೂ ಖಾಲಿ ತಂತಿಗಳು ಅದಕ್ಕೆ ಒದಗುತ್ತವೆ, ನಾದ ತೆರೆದುಕೊಂಡು ಕೇಳಿಸುತ್ತದೆ. ಅಂದಹಾಗೆ, ಈ ಮಟ್ಟುಗಳನ್ನು ನುಡಿಸುವ ಐರ್ಲೆಂಡಿನವರು ಈ ವಾದ್ಯವನ್ನು ವಯೊಲಿನ್ ಎನ್ನುವುದಿಲ್ಲ, ಫಿಡಲ್ ಎನ್ನುತ್ತಾರೆ. ನಮ್ಮ ‘ಪಿಟೀಲು’ ಹುಟ್ಟಿದ್ದೂ ಅದೇ ಫಿಡಲ್ ಎಂಬ ಮಾತಿನಿಂದ.

ಹಾಗಾದರೆ ಮಟ್ಟಿನೊಳಗೆ ರಾಟೆಯ ಸದ್ದು ಇದೆಯೇ? ಇದೆ ಎಂದು ಹೇಳುವ ಆಸೆ ಯಾರಿಗೂ ಆಗುತ್ತದೆ. ಆದರೆ ಐರಿಶ್ ಮಟ್ಟುಗಳ ಹೆಸರಿಗೂ ಸ್ವರಗಳಿಗೂ ಅಂಥ ನೇರ ನಂಟು ಇರುವುದು ಅಪರೂಪ. ಹೆಸರು ಗುರುತಿಗಾಗಿ ಇಟ್ಟದ್ದು. ಒಂದೇ ಮಟ್ಟಿಗೆ ಊರಿಗೊಂದು ಹೆಸರಿರುತ್ತದೆ, ಒಂದೇ ಹೆಸರಿನಲ್ಲಿ ಬೇರೆಬೇರೆ ಮಟ್ಟುಗಳೂ ಸಿಗುತ್ತವೆ. ಹಾಗೆಂದು ಹೆಸರು ಸುಮ್ಮನೆ ಅಲ್ಲ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಏನು ಕಣ್ಣಿಗೆ ಬೀಳುತ್ತಿತ್ತೋ ಅದೇ ಹೆಸರಾಯಿತು: ಕವೆಗೋಲು, ಹತ್ತು ಪೆನ್ಸಿನ ನಾಣ್ಯ, ಒಲೆಯ ಪಕ್ಕದ ಚಿಲುಮೆ, ಹೊಗೆಹಡಗು. ಹೀಗೆ ಹೆಸರಾಗಬೇಕಾದರೆ ರಾಟೆ ಮನೆಮನೆಯಲ್ಲೂ ಇದ್ದಿರಬೇಕು. ಇತ್ತು ಕೂಡ.

ಎಳೆ, ಹುರಿ, ಸುತ್ತು

ರಾಟೆಯ ಜಾಣತನ ತಿಳಿಯಬೇಕಾದರೆ ನೂಲುವುದು ಎಂದರೇನು ಎಂಬುದನ್ನು ಕೈಯಲ್ಲೇ ಮಾಡಿ ನೋಡಬೇಕು. ಚೂರು ಹತ್ತಿ ತೆಗೆದುಕೊಳ್ಳಿ. ಬರಿದೇ ಎಳೆದರೆ ಕಿತ್ತು ಬರುತ್ತದೆ. ಎಳೆಯುತ್ತ ಬೆರಳಲ್ಲಿ ಹೊಸೆಯಿರಿ. ಈಗ ಅದು ಕಿತ್ತು ಬರುವುದಿಲ್ಲ, ನೂಲಾಗಿ ಗಟ್ಟಿಯಾಗುತ್ತದೆ. ಒಂದು ಗೇಣು ನೂಲು ಆಯಿತು ಎನ್ನಿ, ಈಗ ಬಿಟ್ಟರೆ ಗಂಟುಗಂಟಾಗಿ ಮುದುರಿಕೊಳ್ಳುತ್ತದೆ. ಅದನ್ನು ಎಲ್ಲಾದರೂ ಸುತ್ತಿಡಬೇಕು. ಇಷ್ಟೇ: ಎಳೆಯುವುದು, ಹುರಿ ಕೊಡುವುದು, ಸುತ್ತುವುದು. ನೂಲಿನ ಯಂತ್ರಗಳ ಇತಿಹಾಸವೆಲ್ಲ ಈ ಮೂರನೆಯ ಕೆಲಸದ ಕಿರಿಕಿರಿಯನ್ನು ಹೇಗೆ ಕಳೆದುಕೊಳ್ಳುವುದು ಎಂಬುದರ ಸುತ್ತಲೇ ಇದೆ ಎಂದು ನನಗನ್ನಿಸುತ್ತದೆ.

ತಕಲಿಯನ್ನು ನೋಡಿ. ಒಂದು ಕಡ್ಡಿ, ಅದರ ಬುಡದಲ್ಲಿ ಭಾರಕ್ಕೊಂದು ಬಿಲ್ಲೆ. ತಿರುಗಿಸಿ ಬಿಟ್ಟರೆ ಅದು ಬುಗುರಿಯ ಹಾಗೆ ಸುತ್ತುತ್ತ ಹುರಿ ಕೊಡುತ್ತದೆ. ನೂಲು ಕೈಗೆಟುಕದಷ್ಟು ಉದ್ದವಾದ ಕೂಡಲೇ ನಿಲ್ಲಿಸಬೇಕು, ಸುತ್ತಿಕೊಳ್ಳಬೇಕು, ಮತ್ತೆ ತಿರುಗಿಸಬೇಕು. ಸಾವಿರಾರು ವರ್ಷ ಜಗತ್ತಿನ ಬಟ್ಟೆಯೆಲ್ಲ ಬಂದದ್ದು ಹೀಗೆಯೇ.

ರಾಟೆ ಮಾಡಿದ್ದು ತಕಲಿಯ ಕಡ್ಡಿಯನ್ನು ಅಡ್ಡ ಮಲಗಿಸಿ, ದೊಡ್ಡ ಚಕ್ರದಿಂದ ಅದಕ್ಕೊಂದು ಹಗ್ಗ ಕಟ್ಟಿದ್ದು. ಆ ಕಡ್ಡಿಯೇ ಕದಿರು. ಚಕ್ರ ದೊಡ್ಡದು, ಕದಿರಿನ ಬುಡದ ಗಾಲಿ ಚಿಕ್ಕದು; ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಕದಿರು ಹತ್ತಾರು ಸುತ್ತು ಸುತ್ತಿರುತ್ತದೆ. ನೂಲನ್ನು ಕದಿರಿನ ಮೂತಿಯ ದಿಕ್ಕಿಗೆ ಹಿಡಿದರೆ ಅದು ತುದಿಯಿಂದ ಜಾರಿ ಜಾರಿ ಹುರಿಯಾಗುತ್ತದೆ. ಅಡ್ಡಕ್ಕೆ ತಂದರೆ ಕದಿರಿಗೆ ಸುತ್ತಿಕೊಳ್ಳುತ್ತದೆ. ಸ್ವಾತಂತ್ರ್ಯ ಚಳವಳಿಯ ಚರಕವೂ ಇದೇ ಲೆಕ್ಕದ್ದು. ವೇಗ ಬಂತು, ಆದರೆ ಹುರಿ ಬೇರೆ ಸುತ್ತು ಬೇರೆ ಎಂಬುದು ಹಾಗೆಯೇ ಉಳಿಯಿತು. ನೂಲುವವರ ಕೈ ಮುಂದೆ ಹೋಗಿ ಹಿಂದೆ ಬರುವುದನ್ನು ನೋಡಿದರೆ ತಿಳಿಯುತ್ತದೆ, ಒಂದು ಉಸಿರು ಹುರಿಗೆ, ಒಂದು ಉಸಿರು ಸುತ್ತಿಗೆ.

ರಾಟೆ ಯುರೋಪಿನ ಸ್ವಂತದ್ದಲ್ಲ, ಏಷ್ಯಾದಿಂದ ಹೋದದ್ದು. ಬಗ್ದಾದಿನ 1237ರ ಒಂದು ಚಿತ್ರದಲ್ಲಿ ಅದು ಕಾಣುತ್ತದೆ. ಜರ್ಮನಿಯ ಸ್ಪೈಯರ್ ಪಟ್ಟಣದಲ್ಲಿ 1280ರ ಸುಮಾರಿಗೆ ನೇಕಾರರ ಕಟ್ಟಳೆಯೊಂದು, ರಾಟೆಯ ನೂಲನ್ನು ಹೊಕ್ಕಿಗೆ, ಅಂದರೆ ಬಟ್ಟೆಯ ಅಡ್ಡ ಎಳೆಗೆ, ಬಳಸಬಹುದು, ಹಾಸಿನ ಉದ್ದ ಎಳೆಗೆ ಕೂಡದು ಎಂದಿತು. ಹೊಸ ಯಂತ್ರದ ನೂಲಿನ ಗಟ್ಟಿತನದ ಮೇಲೆ ಅವರಿಗಿನ್ನೂ ನಂಬಿಕೆ ಇರಲಿಲ್ಲ. ಈ ಕತೆಯಲ್ಲಿ ಕನ್ನಡನಾಡಿಗೂ ಒಂದು ಜಾಗವಿದೆ, ಅದು ಸಣ್ಣದಲ್ಲ. ಭಾರತದಲ್ಲಿ ಚರಕ ಇದ್ದುದಕ್ಕೆ ಇತಿಹಾಸಕಾರರು ತೋರಿಸುವ ಹಳೆಯ ಬರಹಗಳಲ್ಲಿ ಒಂದು ಇಸಾಮಿ ಎಂಬ ಕವಿ 1350ರಲ್ಲಿ ಮುಗಿಸಿದ ಪಾರಸಿ ಕಾವ್ಯ. ಅದು ಸಿದ್ಧವಾದದ್ದು ಆಗಷ್ಟೇ ಕಲಬುರಗಿಯಲ್ಲಿ ತಲೆಯೆತ್ತಿದ್ದ ಬಹಮನಿ ಅರಸನ ಆಶ್ರಯದಲ್ಲಿ. ಅದಕ್ಕೂ ಹಿಂದೆ, 12ನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆ ನೂಲುವುದನ್ನೇ ಕಾಯಕ ಮಾಡಿಕೊಂಡಿದ್ದವಳು. ತಾನು ತಿರುಹುವ ರಾಟೆಯ ಕುಲಜಾತಿ ಕೇಳಿ ಎಂದು ತೊಡಗುವ ಅವಳ ವಚನದಲ್ಲಿ ಅಡಿಯ ಹಲಗೆ, ತೋರಣ, ನಿಂದ ಬೊಂಬೆ, ಕದಿರು ಎಲ್ಲ ಒಂದೊಂದಾಗಿ ಬರುತ್ತವೆ. ಬಿಡಿಭಾಗಗಳ ಹೆಸರು ಹಿಡಿದು ಯಂತ್ರವನ್ನು ಬಣ್ಣಿಸಿದ ಇಷ್ಟು ಹಳೆಯ ಮಾತು, ಅದೂ ಸ್ವತಃ ನೂಲುವ ಹೆಂಗಸಿನ ಬಾಯಿಂದ, ಬೇರೆ ಎಲ್ಲಿ ಸಿಕ್ಕೀತು? ನನಗಂತೂ ಗೊತ್ತಿಲ್ಲದ ಆ ಐರಿಶ್ ಹುಡುಗಿಯನ್ನು ಹತ್ತಿರ ತಂದವಳು ರೆಮ್ಮವ್ವೆಯೇ.

ಎರಡು ವೇಗಗಳ ಗುಟ್ಟು

ಆದರೆ ಐರ್ಲೆಂಡಿನ ಹುಡುಗಿಯ ಮುಂದಿದ್ದ ಅಗಸೆನಾರಿನ ರಾಟೆ ರೆಮ್ಮವ್ವೆಯ ರಾಟೆಯಲ್ಲ. ನಡುವೆ ಒಂದು ದೊಡ್ಡ ಬದಲಾವಣೆ ಆಗಿತ್ತು. 1480ರ ಸುಮಾರಿನ ಒಂದು ಜರ್ಮನ್ ಹಸ್ತಪ್ರತಿಯಲ್ಲಿ ಅದರ ಚಿತ್ರ ಸಿಗುತ್ತದೆ. ಮುಂದಿನ ದಶಕದ ಹೊತ್ತಿಗೆ ಲಿಯೊನಾರ್ಡೊ ಡಾ ವಿಂಚಿಯೂ ಅದನ್ನು ಸುಧಾರಿಸಿ ಬರೆದಿಟ್ಟ. ಆ ಬದಲಾವಣೆಯ ಹೆಸರು ಫ್ಲೈಯರ್. ಹುರಿ, ಸುತ್ತು ಎರಡನ್ನೂ ಒಟ್ಟಿಗೇ ಮಾಡುವ ಉಪಾಯ ಅದು.

ಕದಿರಿನ ಮೇಲೆ ಒಂದು ಬಾಬಿನ್, ಅಂದರೆ ನೂಲು ಸುತ್ತಿಕೊಳ್ಳುವ ಉರುಳೆ, ಸಡಿಲವಾಗಿ ಕೂತಿದೆ ಎಂದುಕೊಳ್ಳಿ. ಅದನ್ನು ಎರಡು ಕಡೆಯಿಂದ ತಬ್ಬಿದಂತೆ ಕುದುರೆ ಲಾಳದ ಆಕಾರದ ಮರದ ತುಂಡು. ಇದೇ ಫ್ಲೈಯರ್. ಅದರ ತೋಳುಗಳ ಮೇಲೆ ಸಾಲಾಗಿ ಸಣ್ಣ ತಂತಿಯ ಕೊಕ್ಕೆಗಳು. ನೂಲು ಕದಿರಿನ ಮೂತಿಯ ತೂತಿನಲ್ಲಿ ಒಳಹೊಕ್ಕು, ಪಕ್ಕದ ಕಿಂಡಿಯಿಂದ ಹೊರಬಂದು, ತೋಳಿನ ಒಂದು ಕೊಕ್ಕೆಯಲ್ಲಿ ತಿರುಗಿ, ಬಾಬಿನ್ನಿಗೆ ಹೋಗುತ್ತದೆ. ಫ್ಲೈಯರ್ ಒಂದು ಸುತ್ತು ತಿರುಗಿದರೆ ನೂಲಿಗೆ ಒಂದು ಹುರಿ. ಇಲ್ಲಿಯವರೆಗೆ ಸರಿ. ಸುತ್ತುವುದು ಹೇಗೆ?

ಬಾಬಿನ್ನೂ ಫ್ಲೈಯರಷ್ಟೇ ವೇಗವಾಗಿ ತಿರುಗಿದರೆ ನೂಲು ಒಳಗೆ ಬರುವುದೇ ಇಲ್ಲ. ಎರಡು ಬಸ್ಸು ಅಕ್ಕಪಕ್ಕ ಒಂದೇ ವೇಗದಲ್ಲಿ ಹೋದರೆ ಒಂದರಿಂದ ನೋಡಿದವರಿಗೆ ಇನ್ನೊಂದು ನಿಂತಂತೆ ಕಾಣುತ್ತದಲ್ಲ, ಹಾಗೆ. ಅದಕ್ಕೇ ಬಾಬಿನ್ನಿನ ಗಾಲಿಯನ್ನು ಫ್ಲೈಯರಿನ ಗಾಲಿಗಿಂತ ಒಂದು ಚೂರು ಚಿಕ್ಕದು ಮಾಡಿದರು. ದೊಡ್ಡ ಚಕ್ರದಿಂದ ಬರುವ ಹಗ್ಗ ಒಂದೇ, ಆದರೆ ಅದನ್ನು ಎಂಟರ ಹಾಗೆ ಮಡಚಿ ಎರಡು ಸುತ್ತು ಹಾಕಿ, ಒಂದನ್ನು ಫ್ಲೈಯರಿನ ಗಾಲಿಗೆ, ಇನ್ನೊಂದನ್ನು ಬಾಬಿನ್ನಿನದಕ್ಕೆ ಕೊಟ್ಟರು. ಲೆಕ್ಕಕ್ಕೆ ಹೇಳುವುದಾದರೆ, ಚಕ್ರ 20 ಅಂಗುಲ, ಫ್ಲೈಯರಿನ ಗಾಲಿ 2.5 ಅಂಗುಲ, ಬಾಬಿನ್ನಿನದು 2 ಅಂಗುಲ ಇರಲಿ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಫ್ಲೈಯರ್ 8 ಸುತ್ತು, ಬಾಬಿನ್ 10 ಸುತ್ತು. ಎಂಟು ಹುರಿ ಬಿತ್ತು. ಬಾಬಿನ್ ಮುಂದೆ ಓಡಿದ ಎರಡು ಸುತ್ತಿನಷ್ಟು ನೂಲು ಒಳಗೆ ಎಳೆದುಕೊಂಡಿತು. ನಿಲ್ಲಿಸುವ ಮಾತೇ ಇಲ್ಲ.

ಇನ್ನೂ ಸೊಗಸಾದ ಸಂಗತಿ ಮುಂದಿದೆ. ಹುರಿ ಸಾಲದು ಎನ್ನಿಸಿದರೆ ನೂಲುವವಳು ನೂಲನ್ನು ಬಿಡದೆ ಒಂದು ಕ್ಷಣ ಹಿಡಿಯುತ್ತಾಳೆ. ಆಗ ಬಾಬಿನ್ನಿನ ಮೇಲೆ ಹಗ್ಗ ಜಾರುತ್ತದೆ, ಬಾಬಿನ್ ಫ್ಲೈಯರಿನ ಜತೆಗೇ ತಿರುಗುತ್ತದೆ, ಹುರಿ ಮಾತ್ರ ಬೀಳುತ್ತದೆ. ಬೆರಳು ಸಡಿಲಿಸಿದ ಕೂಡಲೇ ನೂಲು ತಾನಾಗಿ ಒಳಗೆ ಸರಿಯುತ್ತದೆ. ಯಂತ್ರಕ್ಕೆ ಬೇಕಾದ ನಿಯಂತ್ರಣವೆಲ್ಲ ಅವಳ ಎರಡು ಬೆರಳಿನ ಚಿವುಟಿನಲ್ಲಿದೆ. ಬಾಬಿನ್ ಒಂದೇ ಕಡೆ ಉಬ್ಬದಿರಲೆಂದು ಆಗಾಗ ನೂಲನ್ನು ಮುಂದಿನ ಕೊಕ್ಕೆಗೆ ದಾಟಿಸಬೇಕು, ಅಷ್ಟು ಬಿಟ್ಟರೆ ಓಟಕ್ಕೆ ತಡೆಯಿಲ್ಲ. ಮುಂದೆ 1769ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆರ್ಕ್‌ರೈಟ್ ಹತ್ತಿ ನೂಲುವ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಅದರೊಳಗೂ ಇದೇ ಫ್ಲೈಯರ್ ಕೂತಿತ್ತು.

ಇದಕ್ಕೆ ಕಾಲಲ್ಲಿ ತುಳಿಯುವ ಪೆಡಲು ಸೇರಿತು, ಹೊಲಿಗೆ ಯಂತ್ರದಲ್ಲಿ ಇರುವಂಥದ್ದೇ. ಚಕ್ರ ತಿರುಗಿಸುತ್ತಿದ್ದ ಬಲಗೈ ಬಿಡುಗಡೆ ಆಯಿತು. ಈಗ ಎರಡೂ ಕೈ ನಾರಿಗೆ. ಐರ್ಲೆಂಡಿನ ಉತ್ತರದಲ್ಲಿ ಈ ರಾಟೆಗೆ ಇನ್ನೊಂದು ರೂಪವೂ ಇತ್ತು: ನೆಟ್ಟಗೆ ನಿಂತ ಚೌಕಟ್ಟು, ಮೇಲೆ ಚಕ್ರ, ಅದರ ಕೆಳಗೆ ಫ್ಲೈಯರ್. ಅದನ್ನು ಕ್ಯಾಸಲ್ ವೀಲ್ ಎನ್ನುತ್ತಿದ್ದರು. ಗುಡಿಸಲಿನಲ್ಲಿ ಜಾಗ ಕಡಿಮೆ ಹಿಡಿಯುತ್ತಿತ್ತು. ಉಣ್ಣೆಗೆ ಮಾತ್ರ ಪಶ್ಚಿಮದ ಕಡೆ ಹಳೆಯ ದೊಡ್ಡ ಚಕ್ರವೇ ಮುಂದುವರಿಯಿತು, ಅದರ ಮುಂದೆ ಹೆಂಗಸರು ಕೂರುತ್ತಿರಲಿಲ್ಲ, ನಿಂತು ಹಿಂದೆ ಮುಂದೆ ನಡೆಯುತ್ತಿದ್ದರು.

ಅಗಸೆಯ ನಾರು, ಒದ್ದೆ ಬೆರಳು

ಹುಡುಗಿ ನೂಲುತ್ತಿದ್ದದ್ದು ಹೆಚ್ಚಾಗಿ ಅಗಸೆಯನ್ನು. ಹೌದು, ಧಾರವಾಡ, ವಿಜಯಪುರದ ಕಡೆ ರೊಟ್ಟಿಗೆ ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಅಗಸೆ. ಗಿಡ ಒಂದೇ. ನಮ್ಮಲ್ಲಿ ಬೀಜಕ್ಕೆಂದು ಬೆಳೆಯುವುದು ಗಿಡ್ಡ, ಕವಲು ಹೆಚ್ಚು. ನಾರಿಗೆಂದು ಬೆಳೆಯುವುದು ನೆಟ್ಟಗೆ ಸೊಂಟದೆತ್ತರ ಬರುತ್ತದೆ, ಒತ್ತೊತ್ತಾಗಿ ಬಿತ್ತುತ್ತಾರೆ. ಹೂವು ಅದೇ ತಿಳಿನೀಲಿ.

ಹೊಲದಿಂದ ರಾಟೆಗೆ ಬರುವ ಹೊತ್ತಿಗೆ ಅದು ಪಡುವ ಪಾಡು ದೊಡ್ಡದು. ಕೊಯ್ಯುವುದಿಲ್ಲ, ನಾರಿನ ಉದ್ದ ಕಳೆಯಬಾರದೆಂದು ಬೇರುಸಹಿತ ಕೀಳುತ್ತಾರೆ. ಕಟ್ಟುಕಟ್ಟಿ ಹೊಂಡದ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸುತ್ತಾರೆ. ಒಂದೆರಡು ವಾರದಲ್ಲಿ ತೊಗಟೆ ಕೊಳೆತು ನಾರು ಸಡಿಲವಾಗುತ್ತದೆ; ಆ ನಾತ ಊರಿಗೇ ಹಬ್ಬುತ್ತದೆ. ಸೊಂಟಮಟ್ಟದ ಆ ನೀರಿಗೆ ಇಳಿದು ಕಟ್ಟುಗಳನ್ನು ಎತ್ತಿಹಾಕಬೇಕು. ಒಣಗಿಸಿ, ಮುರಿದು, ಬಡಿದು, ಕಡೆಗೆ ಕಬ್ಬಿಣದ ಮುಳ್ಳುಗಳ ಬಾಚಣಿಗೆಯಲ್ಲಿ ಎಳೆದಾಗ ಕೈಗೆ ಬರುವುದು ಹೊಂಬಣ್ಣದ, ಕೂದಲಿನಂಥ ನಾರು. ಹತ್ತಿಯ ಎಳೆ ಒಂದು ಅಂಗುಲದ ಆಸುಪಾಸಾದರೆ ಇದು ಮೊಳದುದ್ದ, ಅದಕ್ಕೂ ಹೆಚ್ಚು. ಫ್ಲೈಯರಿನ ಜಗ್ಗಾಟವನ್ನು ಈ ಉದ್ದ ನಾರು ತಡೆದುಕೊಳ್ಳುತ್ತದೆ. ಸಣ್ಣ ಹತ್ತಿನೂಲಿಗೆ ಆ ಜಗ್ಗು ಹೆಚ್ಚಾಯಿತು. ಕದಿರಿನ ಮೃದುವಾದ ಎಳೆತವೇ ಅದಕ್ಕೆ ಒಗ್ಗುವಂಥದ್ದು.

ನಾರನ್ನು ಒಂದು ಕೋಲಿಗೆ ಸುತ್ತಿ ರಾಟೆಗೆ ಸಿಕ್ಕಿಸುತ್ತಾರೆ. ಹುಡುಗಿ ಅದರಿಂದ ನಾಲ್ಕಾರು ಎಳೆ ಕೆಳಕ್ಕೆ ಎಳೆಯುತ್ತಾಳೆ. ಪಕ್ಕದಲ್ಲಿ ನೀರಿನ ಬಟ್ಟಲು, ಇಲ್ಲದಿದ್ದರೆ ತುಟಿಯ ಎಂಜಲು. ಒದ್ದೆ ಬೆರಳು ನಾರಿನ ಮೇಲೆ ಸವರಿದಾಗ ನಾರಿನಲ್ಲೇ ಇರುವ ಅಂಟು ನೆನೆದು ಮೆತ್ತಗಾಗುತ್ತದೆ, ಎಳೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಚಾಚಿಕೊಂಡ ಮುಳ್ಳುಮುಳ್ಳು ತುದಿಗಳು ಒಳಗೆ ಮಲಗುತ್ತವೆ. ಒಣಬೆರಳಿನಲ್ಲಿ ನೂತದ್ದು ಜೂಲುಜೂಲು. ಒದ್ದೆ ಬೆರಳಿನದ್ದು ನುಣುಪು, ಹೊಳಪು. ಕಾಲು ಒಂದೇ ಸಮನೆ ತುಳಿಯುತ್ತದೆ, ಎಡಗೈ ನಾರು ಬಿಡುತ್ತದೆ, ಬಲಗೈ ಹುರಿ ಹಿಂದಕ್ಕೆ ಓಡದಂತೆ ಚಿವುಟಿ ಹಿಡಿಯುತ್ತದೆ. ಇಡೀ ದಿನ ಹೀಗೆ.

ಬಾಬಿನ್ ತುಂಬಿದ ಮೇಲೆ ಅಳತೆ. ಎರಡೂವರೆ ಗಜ ಸುತ್ತಳತೆಯ ಲಡಿಸುತ್ತುವ ಚಕ್ರಕ್ಕೆ ನೂಲನ್ನು ಏರಿಸುತ್ತಾರೆ. 120 ಸುತ್ತು ಆದ ಕೂಡಲೇ ಅದರೊಳಗಿನ ಹಲ್ಲುಗಾಲಿ ಟಕ್ ಎಂದು ಸದ್ದು ಮಾಡುತ್ತದೆ: 300 ಗಜ ಆಯಿತು, ಒಂದು ಲಡಿ. ಎಣಿಕೆ ತಪ್ಪುವ ಹಾಗಿಲ್ಲ, ಎಣಿಸುತ್ತ ಕೂರುವ ಹಾಗೂ ಇಲ್ಲ. ಒಂದು ಪೌಂಡ್ ತೂಕದಲ್ಲಿ ಇಂಥ ಲಡಿ ಎಷ್ಟು ಬರುತ್ತವೋ ಅದೇ ನೂಲಿನ ನಂಬರು. ಅಗಸೆನಾರಿನ ನೂಲಿಗೂ ಬಟ್ಟೆಗೂ ಲಿನನ್ ಎನ್ನುತ್ತಾರೆ; ಲಿನನ್ ನೂಲಿನ ನಂಬರಿಗೆ ಇಂದಿಗೂ ಈ 300 ಗಜವೇ ಆಧಾರ. ವಿಲಿಯಂ ಹಿಂಕ್ಸ್ ಎಂಬ ಕಲಾವಿದ 1783ರಲ್ಲಿ ಪ್ರಕಟಿಸಿದ ಅಚ್ಚುಚಿತ್ರಗಳ ಮಾಲೆಯಲ್ಲಿ ಈ ಕೆಲಸಗಳೆಲ್ಲ ಇವೆ. ಅದರಲ್ಲೊಂದು ನೂಲುವುದು, ಲಡಿ ಸುತ್ತುವುದು, ನೂಲು ಬೇಯಿಸುವುದು ಮೂರನ್ನೂ ಐರ್ಲೆಂಡಿನ ಡೌನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಕಣ್ಣಾರೆ ಕಂಡು ಬರೆದದ್ದು.

ನೂಲು ಕಟ್ಟಿದ ಗೇಣಿ

ಐರ್ಲೆಂಡಿನ ಮೂಲೆಮೂಲೆಗೆ ಈ ರಾಟೆ ಹಬ್ಬಲು ರಾಜಕೀಯವೂ ಒಂದು ಕಾರಣ. ಅಲ್ಲಿಯ ಉಣ್ಣೆಬಟ್ಟೆ ಇಂಗ್ಲೆಂಡಿನ ವ್ಯಾಪಾರಿಗಳಿಗೆ ಪೈಪೋಟಿ ಆಗುತ್ತಿತ್ತು. 1699ರಲ್ಲಿ ಲಂಡನ್ನಿನ ಸಂಸತ್ತು ಐರಿಶ್ ಉಣ್ಣೆಬಟ್ಟೆಯ ರಫ್ತಿನ ಬಾಗಿಲು ಮುಚ್ಚಿತು. ಲಿನನ್ನಿಗೆ ಮಾತ್ರ ದಾರಿ ಬಿಟ್ಟಿತು. ಐರಿಶ್ ಲಿನನ್ 1696ರಿಂದಲೇ ಸುಂಕವಿಲ್ಲದೆ ಇಂಗ್ಲೆಂಡಿಗೆ ಹೋಗಬಹುದಿತ್ತು. ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಹ್ಯೂಗೆನೊ ಪಂಥದ ನೇಕಾರರು ಲಿಸ್ಬರ್ನ್ ಪಟ್ಟಣದಲ್ಲಿ ನೆಲೆಯಾದರು, ಅವರ ಮುಂದಾಳು ಲೂಯಿ ಕ್ರೊಮ್ಲಾಂ. 1711ರಲ್ಲಿ ಈ ಉದ್ಯಮವನ್ನು ನೋಡಿಕೊಳ್ಳಲು ಲಿನನ್ ಮಂಡಳಿ ಹುಟ್ಟಿತು.

ಆ ಮಂಡಳಿ 1796ರಲ್ಲಿ ಮಾಡಿದ ಒಂದು ಕೆಲಸ ನಮ್ಮ ಜಿಗ್ಗಿಗೆ ತೀರಾ ಹತ್ತಿರದ್ದು. ಅಗಸೆ ಬಿತ್ತಿದವರಿಗೆ ಬಹುಮಾನವಾಗಿ ರಾಟೆ ಕೊಟ್ಟಿತು. ಒಂದು ಎಕರೆಗೆ ನಾಲ್ಕು ರಾಟೆ. ಐದು ಎಕರೆ ಬಿತ್ತಿದವರಿಗೆ ಒಂದು ಮಗ್ಗ. ಪಡೆದವರ ಪಟ್ಟಿಯಲ್ಲಿ ಸುಮಾರು 60,000 ಹೆಸರುಗಳಿವೆ. ಐರ್ಲೆಂಡಿನ 19ನೆಯ ಶತಮಾನದ ಜನಗಣತಿ ದಾಖಲೆಗಳಲ್ಲಿ ಬಹುಪಾಲು ನಾಶವಾಗಿವೆ, 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿಗೆ ಬಿದ್ದ ಬೆಂಕಿಯಲ್ಲಿ ಎಷ್ಟೋ ಸುಟ್ಟುಹೋದವು. ಹಾಗಾಗಿ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿರುವ ಐರಿಶ್ ಮೂಲದವರು ತಮ್ಮ ಮನೆತನ ಹುಡುಕಲು ಇವತ್ತಿಗೂ ಈ ರಾಟೆ ಪಟ್ಟಿಯನ್ನೇ ತಿರುವುತ್ತಾರೆ. ನನ್ನನ್ನು ಕಾಡುವುದು ಇಷ್ಟು: ಪಟ್ಟಿಯಲ್ಲಿರುವುದು ಹೊಲದ ಯಜಮಾನರ ಹೆಸರು. ಬಹುಮಾನವಾಗಿ ಬಂದ ನಾಲ್ಕು ರಾಟೆಗಳ ಮುಂದೆ ಕೂತವರು ಅವರ ಹೆಂಡತಿ, ಹೆಣ್ಣುಮಕ್ಕಳು, ತಾಯಿ, ಕೆಲಸದ ಹುಡುಗಿಯರು. ಅವರ ಗುರುತು ಜಿಗ್ಗಿನ ಹೆಸರಿನಲ್ಲಿರುವಷ್ಟೇ: ರಾಟೆಯ ಮುಂದೆ ಕೂತ ಹುಡುಗಿ.

ನೂಲುವುದು ಹೆಂಗಸರ ಕೆಲಸ, ನೇಯುವುದು ಗಂಡಸರದ್ದು. ಒಂದು ಮಗ್ಗಕ್ಕೆ ಸಾಕಾಗುವಷ್ಟು ನೂಲಿಗೆ ಹಲವು ರಾಟೆ ಬೇಕು. ಸ್ಲೈಗೊ, ಮೇಯೊದಂಥ ಪಶ್ಚಿಮದ ಕೌಂಟಿಗಳಲ್ಲಿ ನೇಯ್ಗೆಗಿಂತ ನೂಲಿನ ಮಾರಾಟವೇ ಹೆಚ್ಚು; ಅಲ್ಲಿಯ ಲಡಿಗಳು ಸಂತೆಯಿಂದ ಸಂತೆಗೆ ಸಾಗಿ ಉತ್ತರದ ಮಗ್ಗಗಳನ್ನು ಸೇರುತ್ತಿದ್ದವು. ತುಂಡುಭೂಮಿಯಲ್ಲಿ ಬೆಳೆದ ಆಲೂಗೆಡ್ಡೆ ಮನೆಯವರ ಹೊಟ್ಟೆಗೆ, ನೂಲಿನ ದುಡ್ಡು ಜಮೀನ್ದಾರನ ಗೇಣಿಗೆ. 1796ರಲ್ಲಿ ಐರ್ಲೆಂಡಿನಿಂದ ಹೊರಹೋದ ಲಿನನ್ 4 ಕೋಟಿ ಗಜಕ್ಕೂ ಹೆಚ್ಚು. ಅದರ ಒಂದೊಂದು ಎಳೆಯೂ ಯಾವುದೋ ಹೆಂಗಸಿನ ಒದ್ದೆ ಬೆರಳನ್ನು ದಾಟಿಬಂದದ್ದು.

ಹಾಗಾದರೆ ಕುಣಿತ ಎಲ್ಲಿ ಬಂತು? ರಾಟೆ ಹಗುರ, ಎತ್ತಿಕೊಂಡು ಹೋಗಬಹುದು. ನಮ್ಮಲ್ಲಿ ನಾಟಿಗೆ ಮುಯ್ಯಾಳು ಕೂಡುವಂತೆ ಅಲ್ಲಿ ಹೆಂಗಸರು ಒಬ್ಬರ ಮನೆಗೆ ತಂತಮ್ಮ ರಾಟೆ ಹೊತ್ತು ಬಂದು ಆ ಮನೆಯ ನಾರನ್ನೆಲ್ಲ ಒಟ್ಟಿಗೆ ನೂತು ಮುಗಿಸುತ್ತಿದ್ದರು. ಸಂಜೆ ರಾಟೆಗಳು ಗೋಡೆ ಬದಿಗೆ ಸರಿಯುತ್ತಿದ್ದವು, ಹುಡುಗರು ಬರುತ್ತಿದ್ದರು, ಫಿಡಲ್ ಹೊರಬರುತ್ತಿತ್ತು. ಹಗಲೆಲ್ಲ ಪೆಡಲು ತುಳಿದ ಅದೇ ಪಾದ ಈಗ ಜಿಗ್ಗಿಗೆ. ವರ್ಷದಲ್ಲಿ ರಾಟೆ ಮುಟ್ಟಬಾರದ ದಿನಗಳೂ ಇದ್ದವು. ಫೆಬ್ರವರಿ 1ರ ಸಂತ ಬ್ರಿಜಿಡ್ ಹಬ್ಬದಂದು, ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದಂದು ಯಾವ ಚಕ್ರವೂ ತಿರುಗಕೂಡದು ಎಂಬುದು ಹಳ್ಳಿಗಳಲ್ಲಿ ಗಟ್ಟಿಯಾದ ನಂಬಿಕೆ. ಗಾಡಿಯ ಗಾಲಿ, ಗಿರಣಿಯ ಕಲ್ಲು, ರಾಟೆ, ಎಲ್ಲಕ್ಕೂ ರಜೆ.

ಬಿಸಿನೀರಿನ ತೊಟ್ಟಿ

ಹತ್ತಿ ಬೇಗ ಯಂತ್ರಕ್ಕೆ ಒಲಿಯಿತು, ಅಗಸೆ ಒಲಿಯಲಿಲ್ಲ. ಅದರ ಅಂಟು, ಅದರ ಬಿರುಸು ಯಂತ್ರಗಳಿಗೆ ತೊಡಕಾಯಿತು. 1787ರಲ್ಲಿ ಇಂಗ್ಲೆಂಡಿನ ಡಾರ್ಲಿಂಗ್ಟನ್ನಿನಲ್ಲಿ ಪೇಟೆಂಟ್ ಆದ ಯಂತ್ರ ಒರಟು ನೂಲಿಗಷ್ಟೇ ಆಯಿತು. 1810ರಲ್ಲಿ ನೆಪೋಲಿಯನ್ ಅಗಸೆ ನೂಲುವ ಒಳ್ಳೆಯ ಯಂತ್ರಕ್ಕೆ 10 ಲಕ್ಷ ಫ್ರಾಂಕ್ ಬಹುಮಾನ ಸಾರಿದ. ಫಿಲಿಪ್ ದ ಜಿರಾರ್ ಎಂಬಾತ ಅದೇ ವರ್ಷ ಯಂತ್ರ ಮಾಡಿ ತೋರಿಸಿದ, ಬಹುಮಾನ ಮಾತ್ರ ಕೈಸೇರಲಿಲ್ಲ. ಆತ ದೇಶ ಬಿಟ್ಟ. ಪೋಲೆಂಡಿನಲ್ಲಿ ಲಿನನ್ ಗಿರಣಿಯ ಸುತ್ತ ಬೆಳೆದ ಒಂದು ಪಟ್ಟಣ ಈಗಲೂ ಅವನ ಹೆಸರಿನದ್ದು: ಜಿರಾರ್ದುಫ್.

ಕಡೆಗೆ ಗುಟ್ಟು ಬಿಚ್ಚಿಕೊಂಡದ್ದು ನೀರಿನಲ್ಲಿ. ಇಂಗ್ಲೆಂಡಿನ ಪ್ರೆಸ್ಟನ್ನಿನ ಜೇಮ್ಸ್ ಕೇ 1825ರಲ್ಲಿ ನಾರನ್ನು ನೂಲುವ ಮೊದಲು ನೀರಲ್ಲಿ ನೆನೆಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಆಮೇಲೆ ಯಂತ್ರದಲ್ಲೇ ಬಿಸಿನೀರಿನ ತೊಟ್ಟಿ ಬಂತು. ನೆನೆದ ಅಂಟು ಮೆತ್ತಗಾದರೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಕೂದಲಿನಷ್ಟು ಸಣ್ಣ ನೂಲು ಬರುತ್ತದೆ. ಹುಡುಗಿಯ ಬೆರಳಿನ ಎಂಜಲು ಏನು ಮಾಡುತ್ತಿತ್ತೋ ಅದನ್ನೇ. ಬೆಲ್‌ಫಾಸ್ಟಿನ ಯಾರ್ಕ್ ಸ್ಟ್ರೀಟಿನಲ್ಲಿ ಮಲ್‌ಹಾಲಂಡ್ ಕುಟುಂಬದ ಹತ್ತಿ ಗಿರಣಿ 1828ರಲ್ಲಿ ಸುಟ್ಟುಹೋಯಿತು. 1830ರಲ್ಲಿ ಅಲ್ಲೇ ಎದ್ದ ಹೊಸ ಗಿರಣಿ ಅಗಸೆಯದು, 8,000 ಕದಿರುಗಳದು. ಅದರಲ್ಲಿ ದುಡಿದವರೂ ಹೆಂಗಸರು, ಮಕ್ಕಳೇ. ತೊಟ್ಟಿಯ ಉಗಿಯಲ್ಲಿ, ಸದಾ ನೀರು ನಿಂತ ನೆಲದ ಮೇಲೆ, ಬರಿಗಾಲಲ್ಲಿ.

ಹಳ್ಳಿಯ ರಾಟೆಗಳಿಗೆ 1830ರ ದಶಕದಲ್ಲೇ ಕುತ್ತು ಬಂತು. ಕೈನೂಲಿನ ಬೆಲೆ ಕುಸಿಯಿತು, ಪಶ್ಚಿಮದ ಮನೆಗಳಿಗೆ ಗೇಣಿ ಕಟ್ಟುವ ದಾರಿ ತಪ್ಪಿತು. ಉಳಿದದ್ದು ಆಲೂಗೆಡ್ಡೆ ಒಂದೇ. 1845ರಲ್ಲಿ ಅದಕ್ಕೂ ರೋಗ ತಗುಲಿತು. ಆ ಬರದಲ್ಲಿ ಸತ್ತವರು ಸುಮಾರು 10 ಲಕ್ಷ, ಊರು ಬಿಟ್ಟು ಹಡಗು ಹತ್ತಿದವರು ಅದಕ್ಕೂ ಹೆಚ್ಚು. ಬರಕ್ಕೆ ಕಾರಣ ರಾಟೆ ನಿಂತದ್ದಲ್ಲ, ಆದರೆ ಬರ ಬಂದಾಗ ಕೈಯಲ್ಲಿ ನಾಲ್ಕು ಕಾಸು ಇಲ್ಲದಂತೆ ಮಾಡಿದ್ದರಲ್ಲಿ ಅದರ ಪಾಲಿದೆ ಎಂಬುದನ್ನು ಮರೆಯಬಾರದು.

ಹಡಗು ಹತ್ತಿದವರ ಜತೆ ಮಟ್ಟುಗಳೂ ಹೋದವು. ಕಾರ್ಕ್ ಕೌಂಟಿಯ ಟ್ರಾಲಿಬೇನಿನಲ್ಲಿ 1848ರಲ್ಲಿ ಹುಟ್ಟಿದ ಫ್ರಾನ್ಸಿಸ್ ಓನೀಲ್ 1865ರಲ್ಲಿ ಹದಿಹರೆಯದಲ್ಲೇ ಕಡಲಿಗಿಳಿದು, ಕಡೆಗೆ ಶಿಕಾಗೊ ಸೇರಿ, 1901ರಿಂದ 1905ರವರೆಗೆ ಆ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದ. ಕೊಳಲು ನುಡಿಸುತ್ತಿದ್ದ, ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ತನಗೆ ನೆನಪಿದ್ದದ್ದನ್ನು, ಶಿಕಾಗೊದ ಐರಿಶರಿಂದ ಕೇಳಿದ್ದನ್ನು ನುಡಿಸಿ ತೋರಿಸುತ್ತಿದ್ದ; ಬರೆದುಕೊಳ್ಳುತ್ತಿದ್ದವನು ಜೇಮ್ಸ್ ಓನೀಲ್ ಎಂಬ ಫಿಡಲ್ ವಾದಕ. ಹೆಸರು ಒಂದೇ ಆದರೂ ಸಂಬಂಧಿಯಲ್ಲ. 1903ರಲ್ಲಿ 1,850 ಮಟ್ಟುಗಳ ಸಂಗ್ರಹ ಅಚ್ಚಾಯಿತು, 1907ರಲ್ಲಿ ಕುಣಿತದ ಮಟ್ಟುಗಳದ್ದೇ ಇನ್ನೊಂದು, 1,001ರದ್ದು. ಐರಿಶ್ ವಾದಕರು ಬೇರೆ ಹೆಸರಿಲ್ಲದೆ ‘ದ ಬುಕ್’ ಎಂದರೆ ಓನೀಲನ ಸಂಗ್ರಹವೇ. ನಮ್ಮ ರಾಟೆ ಹುಡುಗಿ ಅಚ್ಚಿನಲ್ಲಿ ಉಳಿದದ್ದೂ ಅವನ ದೆಸೆಯಿಂದ. ಊರಿನಲ್ಲಿ ರಾಟೆಗಳು ಅಟ್ಟ ಸೇರುತ್ತಿದ್ದ ಹೊತ್ತಿಗೆ ಅದರ ಹೆಸರಿನ ಜಿಗ್ ಕಡಲಾಚೆ ಕಾಗದಕ್ಕೆ ಬಂತು.

ಇದನ್ನು ಕೇಳಬಯಸುವವರಿಗೆ ಒಂದೇ ಮಾತು: ಮೊದಲ ಸಲ ಸ್ವರ ಹಿಡಿಯಲು ಹೋಗಬೇಡಿ, ಕಮಾನನ್ನು ಕೇಳಿ. ಪ್ರತಿ ಮೂರರ ಗುಂಪಿನಲ್ಲಿ ಮೊದಲ ಸ್ವರಕ್ಕೆ ಎಷ್ಟು ಒತ್ತು ಬೀಳುತ್ತದೆ, ಮೂರನೆಯದು ಹೇಗೆ ಮುಂದಿನದನ್ನು ಎಳೆದುತರುತ್ತದೆ ಎಂಬುದರ ಮೇಲೆ ಕಿವಿ ಇಡಿ. ವಾದಕರು ಕೂಡಿದಾಗ ಒಂದೇ ಜಿಗ್ ನುಡಿಸಿ ನಿಲ್ಲಿಸುವುದಿಲ್ಲ. ಮೂರು ಸುತ್ತು ಆದ ಮೇಲೆ ಯಾರೋ ಒಬ್ಬರು ತಲೆಯೆತ್ತಿ ನೋಡುತ್ತಾರೆ, ಕಣ್ಣಲ್ಲೇ ಸನ್ನೆ ಆಗುತ್ತದೆ, ಕಡೆಯ ತಕಿಟ ಮುಗಿಯುವಷ್ಟರಲ್ಲಿ ಎಲ್ಲರ ಕಮಾನೂ ಮುಂದಿನ ಜಿಗ್ಗಿನೊಳಗೆ ದಾಟಿರುತ್ತದೆ. ಎಲ್ಲಿಯೂ ನಿಲ್ಲದೆ, ಒಂದು ಕೊಕ್ಕೆಯಿಂದ ಮುಂದಿನ ಕೊಕ್ಕೆಗೆ ನೂಲು ದಾಟಿದ ಹಾಗೆ.